ಔಷಧ ಪರೀಕ್ಷೆ ಮತ್ತು ಬಡವನ ದೇಹ

ಕ್ಷಯರೋಗದ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕೆಂಬುದು ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಎಲ್ಲರಿಗೂ ತಿಳಿದ ಮಾತು. ಆದರೆ ಅವುಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಎಂಬ ಮೂರು ಔಷಧಗಳು ಕೆಲವರ ಪಿತ್ತಜನಕಾಂಗವನ್ನು ಕೆಡಿಸಿ ಕಾಮಾಲೆ ತರುತ್ತವೆಂಬುದು ಅಷ್ಟಾಗಿ ತಿಳಿಯದು. ಕಣ್ಣು ಹಳದಿಯಾದೊಡನೆ ರೋಗಿ ಮಾತ್ರೆ ಬಿಟ್ಟು ನಾಟಿ ಮದ್ದಿನ ಬೆನ್ನು ಹತ್ತುತ್ತಾನೆ. ಗುಳೆಯ ಕಾಲವಾಗಿದ್ದರೆ ಬೆಂಗಳೂರಿಗೋ ಮುಂಬಯಿಗೋ ಹೊರಟೇಬಿಡುತ್ತಾನೆ. ಕ್ಷಯ ಒಳಗೇ ಬಲಿಯುತ್ತದೆ. ಆತನನ್ನು ದೂರುವುದು ಸುಲಭ. ಔಷಧ ಯಾರಿಗೆ ಒಗ್ಗುವುದಿಲ್ಲವೆಂಬುದನ್ನು ಆತನ ದೇಹದ ಮೇಲೆಯೇ ಕಂಡುಕೊಳ್ಳುವ ವೈದ್ಯವಿಜ್ಞಾನವನ್ನು ಯಾರು ಕೇಳಬೇಕು?

ಹೊಸ ಔಷಧವನ್ನು ಮೊದಲು ಇಲಿ, ನಾಯಿ ಮುಂತಾದ ಪ್ರಾಣಿಗಳಿಗೆ ಕೊಟ್ಟು ನೋಡುವುದು ವಾಡಿಕೆ. ಅದು ಸಾಲದೆಂಬುದಕ್ಕೆ 1993ರ ದುರಂತವೇ ಸಾಕ್ಷಿ. ಪ್ರಾಣಿಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದ ಫಿಯಾಲುರಿಡಿನ್ ಎಂಬ ಔಷಧವನ್ನು ಅಮೆರಿಕದಲ್ಲಿ 15 ಮಂದಿ ಹೆಪಟೈಟಿಸ್ ಬಿ ರೋಗಿಗಳಿಗೆ ನೀಡಲಾಗಿ, ಏಳು ಜನರ ಪಿತ್ತಜನಕಾಂಗ ಕುಸಿಯಿತು, ಐವರು ತೀರಿಕೊಂಡರು.

ಇದಕ್ಕೊಂದು ಪರಿಹಾರದ ದಾರಿ ಈಗ ಕಾಣುತ್ತಿದೆ. ಮನುಷ್ಯನ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಬೆರಳುದ್ದದ ಚಿಪ್ಪೊಂದರ ಸೂಕ್ಷ್ಮ ಕಾಲುವೆಗಳಲ್ಲಿ ಪೋಷಕ ದ್ರವ ಹರಿಸಿ, ಅಂಗದ ಅಂಶವೊಂದನ್ನು ಜೀವಂತವಾಗಿರಿಸುವ ವಿದ್ಯೆಯಿದು. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಇಂಗ್ಬರ್ ಅವರ ತಂಡ ಇಂಥ ಶ್ವಾಸಕೋಶವನ್ನು ರೂಪಿಸಿತು. ಬಳಿಕ ಪಿತ್ತಜನಕಾಂಗವೂ ಬಂತು. ಇದರೊಡನೆ ಜೈವಿಕ ಸಂವೇದಕ ಸೇರಿದಾಗಲೇ ಅದರ ನಿಜವಾದ ಬಲ. ಸಂವೇದಕವೆಂದರೆ ಅಪರಿಚಿತ ವಸ್ತುವೇನಲ್ಲ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸುವ ಪುಟ್ಟ ಯಂತ್ರವೂ ಅದೇ ಜಾತಿಯದು. ಚಿಪ್ಪಿನೊಳಗಿನ ಕೋಶಗಳು ಎಷ್ಟು ಆಮ್ಲಜನಕ ಸೇವಿಸಿದವು, ಎಷ್ಟು ಸಕ್ಕರೆ ಬಳಸಿದವು ಎಂಬುದನ್ನು ಅದು ಕ್ಷಣಕ್ಷಣಕ್ಕೂ ಹೇಳುತ್ತದೆ. ಕೋಶ ಸಾಯುವವರೆಗೆ ಕಾಯಬೇಕಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಯಾಕೋವ್ ನಹ್ಮಿಯಾಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗವು ಹೀಗೆ ಕೋಶದ ಉಸಿರಾಟದ ಏರುಪೇರನ್ನೇ ಹಿಡಿದು ತೋರಿಸಿತು. 2022ರ ಇನ್ನೊಂದು ಅಧ್ಯಯನದಲ್ಲಿ 870 ಪಿತ್ತಜನಕಾಂಗ ಚಿಪ್ಪುಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಿದಾಗ, ಹಾನಿಕರ ಔಷಧಗಳಲ್ಲಿ ಶೇಕಡಾ 87ನ್ನು ಅವು ಗುರುತಿಸಿದವು.

ಭಾರತವೂ ಹಿಂದೆ ಬಿದ್ದಿಲ್ಲ. 2015ರಲ್ಲಿಯೇ ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆ ಕೃತಕ ಪಿತ್ತಜನಕಾಂಗದ ಅಂಗಾಂಶವನ್ನು ಮುದ್ರಿಸಿ ತೋರಿಸಿತ್ತು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಔಷಧ ಪರೀಕ್ಷಾ ನಿಯಮಗಳನ್ನು ತಿದ್ದಿ, ಇಂಥ ವಿಧಾನಗಳಿಗೂ ಮಾನ್ಯತೆ ನೀಡಿತು.

ದೇವರ ಕೆಲಸಕ್ಕೆ ಮನುಷ್ಯ ಕೈಹಾಕಿದನೆಂದು ಸಿಡಿಮಿಡಿಗೊಳ್ಳುವವರು ನಮ್ಮ ಸಮುದಾಯದಲ್ಲೂ ಇದ್ದಾರೆ. ಧರ್ಮಸಭೆಯ ಆಕ್ಷೇಪಣೆ ಪ್ರಯೋಗಶಾಲೆಯ ಬಗೆಗಲ್ಲ, ಭ್ರೂಣವನ್ನು ನಾಶಗೊಳಿಸಿ ಕೋಶ ಪಡೆಯುವ ಬಗೆಗೆ. 1987ರ ಮತ್ತು 2008ರ ವ್ಯಾಟಿಕನ್ ಬೋಧನಾಪತ್ರಗಳು ಇದನ್ನು ಸ್ಪಷ್ಟಪಡಿಸಿವೆ. ವಯಸ್ಕರ ಚರ್ಮದ ಕೋಶಗಳನ್ನೇ ಬಹುಮುಖ ಕಾಂಡಕೋಶಗಳಾಗಿ ಮಾರ್ಪಡಿಸಬಹುದೆಂದು ಜಪಾನಿನ ಶಿನ್ಯಾ ಯಮನಾಕಾ 2007ರಲ್ಲಿ ತೋರಿಸಿಕೊಟ್ಟ ಮೇಲೆ ಆ ಪಾಪದ ಹಾದಿ ಹಿಡಿಯಬೇಕಾದ ಅಗತ್ಯವೂ ಇಲ್ಲ. ಪ್ರಾಣಿಗಳನ್ನು ನಿಷ್ಕಾರಣವಾಗಿ ನೋಯಿಸುವುದು ಮಾನವ ಘನತೆಗೆ ವಿರುದ್ಧವೆನ್ನುವ ಕಥೋಲಿಕ ಧರ್ಮೋಪದೇಶಕ್ಕೂ ಈ ವಿದ್ಯೆ ಒಪ್ಪುವಂಥದು.

ನಮ್ಮ ಕಳವಳ ಬೇರೆಡೆ ಇದೆ. ಚಿಪ್ಪಿನ ಮೇಲೆ ಬೆಳೆದದ್ದು ಯಾರ ಕೋಶ? ಐಸೋನಿಯಾಜಿಡ್ಡನ್ನು ದೇಹ ಬೇಗ ಕರಗಿಸುವುದೋ ನಿಧಾನವಾಗಿ ಕರಗಿಸುವುದೋ ಎಂಬುದು ವಂಶವಾಹಿಗಳನ್ನು ಅವಲಂಬಿಸಿದೆ. ನಿಧಾನವಾಗಿ ಕರಗಿಸುವವರು ನಮ್ಮ ದೇಶದಲ್ಲಿ ಬಹಳ. ಪಿತ್ತಜನಕಾಂಗದ ಅಪಾಯವೂ ಅವರಿಗೇ ಹೆಚ್ಚು. ಪರದೇಶದ ದಾನಿಗಳ ಕೋಶವಷ್ಟೇ ಇರುವ ಚಿಪ್ಪು ಸುರಪುರದ ಕೂಲಿಕಾರನ ಪರವಾಗಿ ಹೇಗೆ ಸಾಕ್ಷಿ ನುಡಿದೀತು? ಔಷಧೋದ್ಯಮದ ಹೊರೆಯನ್ನಂತೂ ನಮ್ಮ ಜಿಲ್ಲೆ ಹೊತ್ತಿದೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಔಷಧ, ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆಯನ್ನು ಸುತ್ತಲಿನ ಹಳ್ಳಿಗಳ ಜನರೇ ಬಲ್ಲರು. ಲಾಭದ ಸರದಿಯಲ್ಲಿ ಮಾತ್ರ ಅವರನ್ನು ಮರೆಯುವುದು ನ್ಯಾಯವಲ್ಲ.

ನಮ್ಮವರ ಕೋಶವೂ ಬೇಕೆಂದಾದರೆ ಅದನ್ನು ಕೇಳಿ ಪಡೆಯಬೇಕು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ನಡೆದ ಲಸಿಕೆ ಅಧ್ಯಯನದಲ್ಲಿ ಬುಡಕಟ್ಟು ಬಾಲಕಿಯರ ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರೇ ಸಹಿ ಮಾಡಿದ್ದರು. ಮರುವರ್ಷ ಏಪ್ರಿಲ್‌ನಲ್ಲಿ ಸರಕಾರ ಅದನ್ನು ನಿಲ್ಲಿಸಬೇಕಾಯಿತು. ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಅಂಗಾಂಶದ ಒಂದು ಚೂರನ್ನು ಪಡೆಯುವಾಗಲೂ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ನಮ್ಮ ಸೀಮೆಯಲ್ಲಾದರೆ ಉರ್ದು, ತೆಲುಗಿನಲ್ಲೂ ಇರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು. ಬೇಡವೆಂದವರ ಚಿಕಿತ್ಸೆಗೆ ಕುಂದು ಬರಕೂಡದು. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂತ ಜಾನರ ವೈದ್ಯಕೀಯ ಕಾಲೇಜು ಇಂಥ ಮಾದರಿಯೊಂದನ್ನು ಹಾಕಿಕೊಡಲೆಂದು ಕೋರುತ್ತೇವೆ.

ಚಿಪ್ಪುಗಳಿಂದ ನಮ್ಮ ರೋಗಿಗೆ ಫಲ ಸಿಗಲು ವರುಷಗಳೇ ಬೇಕಾದಾವು. ಅಲ್ಲಿಯವರೆಗೆ, ಕ್ಷಯದ ಮಾತ್ರೆ ನುಂಗುತ್ತಿರುವವರ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಅನ್ನ ಸೇರದೆ ವಾಂತಿಯಾದರೆ, ಅದೇ ದಿನ ಅವರನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ನಮ್ಮ ಧರ್ಮಕೇಂದ್ರಗಳ ಯುವಕರೂ ಧರ್ಮಭಗಿನಿಯರೂ ಹೊರಬೇಕು.