ಹಿರೇಬೆಣಕಲ್: ರಸ್ತೆಗಿಂತ ಮೊದಲು ಕಾವಲು ಬೇಕು

ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿರುವ ಹಿರೇಬೆಣಕಲ್ ಬೆಟ್ಟದ ಮೇಲೆ ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಕಲ್ಲಿನ ಊರೊಂದಿದೆ. ಅಲ್ಲಿ ಯಾರೂ ವಾಸಿಸುವುದಿಲ್ಲ. ಬೃಹತ್ ಶಿಲಾಯುಗದ ಜನರು ತಮ್ಮವರ ಸ್ಮರಣೆಗಾಗಿ ನಿಲ್ಲಿಸಿದ ಸುಮಾರು 400 ಶಿಲಾರಚನೆಗಳು ಅಲ್ಲಿವೆ. ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಈ ತಾಣವು 2021ರಲ್ಲಿ ಸೇರ್ಪಡೆಯಾಯಿತು. ಅಂದಿನಿಂದ ಈ ಬೆಟ್ಟದ ಹೆಸರು ಚಾರಣಿಗರ ಬಾಯಲ್ಲೂ ಪ್ರವಾಸೋದ್ಯಮದ ಮಾತುಗಳಲ್ಲೂ ಕೇಳಿಬರುತ್ತಿದೆ. ಹೆಸರಿನ ಹಿಂದೆಯೇ ಜನರೂ ಬರುತ್ತಾರೆ. ಬರುವ ಜನರನ್ನು ಎದುರಿಸಲು ಬೆಟ್ಟ ಸಿದ್ಧವಾಗಿದೆಯೇ ಎಂಬುದೇ ಈಗಿನ ಪ್ರಶ್ನೆ.

ಬೆಟ್ಟದ ಮೇಲಿನ ಲೋಕ

ಗ್ರಾಮದ ಅಂಚಿನವರೆಗೆ ಮಾತ್ರ ವಾಹನದ ಸುಖ. ಅಲ್ಲಿಂದ ಮುಂದೆ ಬಂಡೆಗಳ ನಡುವಿನ ಕಾಲುಹಾದಿ. ಕುರುಚಲು ಗಿಡ, ಮುಳ್ಳುಪೊದೆಗಳನ್ನು ಸರಿಸಿಕೊಂಡು ಸುಮಾರು ಒಂದು ತಾಸು ಏರಬೇಕು. ಬೇಸಿಗೆಯಲ್ಲಿ ಬಂಡೆ ಕಾದು ಹೆಂಚಾಗುತ್ತದೆ. ದಣಿದು ಮೇಲೇರಿದವರಿಗೆ ಸಾಲುಸಾಲಾಗಿ ನಿಂತ ಕಲ್ಮನೆಗಳು ಒಮ್ಮೆಲೇ ಎದುರಾಗುತ್ತವೆ. ಮೂರು ಕಡೆ ಚಪ್ಪಡಿಯ ಗೋಡೆ, ಮೇಲೊಂದು ಚಪ್ಪಡಿಯ ಮುಚ್ಚಿಗೆ. ಹಲವುಗಳ ಗೋಡೆಯಲ್ಲಿ ಅಚ್ಚುಕಟ್ಟಾಗಿ ಕೊರೆದ ದುಂಡನೆಯ ಕಿಂಡಿ. ಕೆಲವು ಆಳೆತ್ತರಕ್ಕೂ ಮೀರಿವೆ, ಕೆಲವು ಮೊಣಕಾಲೆತ್ತರಕ್ಕಷ್ಟೇ ಇವೆ. ಅನೇಕವು ಕಾಲದ ಹೊಡೆತಕ್ಕೆ ಸಿಕ್ಕಿ ಕುಸಿದು ಬಿದ್ದಿವೆ.

ಸಮೀಪದಲ್ಲೇ ಒಂದು ಕೊಳವಿದೆ. ಚಪ್ಪಡಿಗಳನ್ನು ಎಬ್ಬಿಸಿ ತೆಗೆದ ಕಲ್ಲುಗಣಿಯೇ ಕೊಳವಾಗಿ ಉಳಿದಿದೆ ಎಂದು ತಜ್ಞರು ಗುರುತಿಸಿದ್ದಾರೆ. ಎತ್ತರದ ಬಂಡೆಯೊಂದರ ಮೇಲೆ ಅರೆಗೋಳಾಕಾರದ ನಗಾರಿ ಕಲ್ಲೊಂದಿದೆ. ಮರದ ಕೊಡತಿಯಿಂದ ಬಡಿದರೆ ಅದರ ನಾದ ದೂರದವರೆಗೂ ಕೇಳಿಸುತ್ತದೆ. ಆಸುಪಾಸಿನ ಬಂಡೆಗಳ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳೂ ಇವೆ.

ಸುತ್ತಲಿನ ಜನರು ಇವನ್ನು 'ಮೋರೇರ ಮನೆ'ಗಳೆಂದು ಕರೆಯುತ್ತಾರೆ. ಮೋರೇರು ಬಹಳ ಗಿಡ್ಡ ಜನರಾಗಿದ್ದರು ಎಂಬುದು ಜನಪದ ನಂಬಿಕೆ. ಅಶೋಕನ ಶಾಸನಗಳಿರುವ ಕೊಪ್ಪಳ ಸಮೀಪದಲ್ಲೇ ಇರುವುದರಿಂದ ಈ ಹೆಸರನ್ನು ಮೌರ್ಯರೊಂದಿಗೆ ತಳಕು ಹಾಕುವುದೂ ಉಂಟು. ಆದರೆ ಈ ರಚನೆಗಳಲ್ಲಿ ಹಲವು ಮೌರ್ಯರಿಗಿಂತಲೂ ಹಿಂದಿನವು. ಯುನೆಸ್ಕೊಗೆ ಸಲ್ಲಿಸಿದ ವಿವರಗಳಲ್ಲಿ ಇವುಗಳ ಕಾಲವನ್ನು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಇರಿಸಲಾಗಿದೆ.

19ನೇ ಶತಮಾನದ ಮೊದಲ ಭಾಗದಲ್ಲೇ, ನಿಜಾಮನ ಸೇವೆಯಲ್ಲಿದ್ದ ಹಾಗೂ ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದನು. ದಕ್ಷಿಣ ಭಾರತದ ಶಿಲಾಗೋರಿಗಳನ್ನು ಆಳವಾಗಿ ಅಧ್ಯಯನ ಮಾಡಿದ ಪುರಾತತ್ವ ವಿದ್ವಾಂಸ ಡಾ. ಅ. ಸುಂದರ ಅವರ ಗ್ರಂಥ 1975ರಲ್ಲಿ ಪ್ರಕಟವಾಯಿತು. ವಿದ್ವಾಂಸರಿಗೆ ಇಷ್ಟು ಪರಿಚಿತವಾದ ತಾಣ ರಾಜ್ಯದ ಪಠ್ಯಪುಸ್ತಕದ ಆಚೆ ಸಾಮಾನ್ಯ ಓದುಗರಿಗೆ ಬಹುಕಾಲ ಅಪರಿಚಿತವಾಗಿಯೇ ಉಳಿಯಿತು. ಆ ಅಜ್ಞಾತವಾಸವೇ ಒಂದರ್ಥದಲ್ಲಿ ಅದನ್ನು ಕಾಪಾಡಿತು ಎಂಬುದನ್ನು ಮರೆಯುವಂತಿಲ್ಲ.

ಪಟ್ಟಿಯ ಭ್ರಮೆ

ತಾತ್ಕಾಲಿಕ ಪಟ್ಟಿಯಲ್ಲಿ ಸೇರುವುದೆಂದರೆ ವಿಶ್ವ ಪರಂಪರೆಯ ಮನ್ನಣೆ ದೊರೆತಂತಲ್ಲ. ಅದು ಸರದಿಯಲ್ಲಿ ನಿಲ್ಲಲು ದೊರೆತ ಅನುಮತಿ ಮಾತ್ರ. ಈಗಿನ ನಿಯಮದಂತೆ ಒಂದು ದೇಶ ವರ್ಷಕ್ಕೆ ಒಂದೇ ತಾಣವನ್ನು ನಾಮನಿರ್ದೇಶನ ಮಾಡಬಹುದು. 2025ರ ಸೆಪ್ಟೆಂಬರ್ ವೇಳೆಗೆ ಭಾರತದ ತಾತ್ಕಾಲಿಕ ಪಟ್ಟಿಯಲ್ಲಿದ್ದ ತಾಣಗಳು 69. ತೆಲಂಗಾಣದ ಮುಡುಮಾಲ್ ನಿಲುಗಲ್ಲುಗಳೂ 2025ರ ಮಾರ್ಚ್‌ನಲ್ಲಿ ಈ ಸರದಿಗೆ ಬಂದಿವೆ. ಹೊಯ್ಸಳ ದೇವಾಲಯಗಳು 2014ರಲ್ಲಿ ಪಟ್ಟಿಗೆ ಸೇರಿ, ಅಂತಿಮ ಮನ್ನಣೆ ಪಡೆದದ್ದು 2023ರಲ್ಲಿ. ಬೇಲೂರು, ಹಳೇಬೀಡುಗಳಿಗೇ ಒಂಬತ್ತು ವರ್ಷ ಹಿಡಿದಿದ್ದರೆ, ಹಿರೇಬೆಣಕಲ್‌ಗೆ ಎಷ್ಟು ಕಾಲ ಬೇಕಾದೀತು?

ವಿಪರ್ಯಾಸವೆಂದರೆ ಮನ್ನಣೆ ನಿಧಾನವಾಗಿ ಬರುತ್ತದೆ, ಪ್ರಚಾರ ಮಾತ್ರ ತಕ್ಷಣ ಬರುತ್ತದೆ. ಈ ಎರಡರ ನಡುವಿನ ಅವಧಿಯೇ ಅತ್ಯಂತ ಅಪಾಯಕಾರಿ. ಫ್ರಾನ್ಸಿನ ಕಾರ್ನಾಕ್ ನಿಲುಗಲ್ಲುಗಳಿಗೆ 2025ರ ಜುಲೈನಲ್ಲಿ ವಿಶ್ವ ಪರಂಪರೆಯ ಪಟ್ಟ ದೊರೆಯಿತು. ಆದರೆ ಎರಡು ವರ್ಷ ಮೊದಲು, 2023ರಲ್ಲಿ, ಅದೇ ಊರಿನಲ್ಲಿ ಮಳಿಗೆಯೊಂದರ ನಿರ್ಮಾಣಕ್ಕಾಗಿ 39 ಸಣ್ಣ ನಿಲುಗಲ್ಲುಗಳನ್ನು ಕಿತ್ತೆಸೆದ ಸಂಗತಿ ಬಯಲಾಗಿ ಕೋಲಾಹಲವೆದ್ದಿತ್ತು. ಅವುಗಳ ಪ್ರಾಚೀನತೆಯ ಬಗ್ಗೆ ವಾದ-ವಿವಾದ ನಡೆಯಿತಾದರೂ, ವಾದ ಆರಂಭವಾಗುವಾಗ ಕಲ್ಲುಗಳೇ ಇರಲಿಲ್ಲ.

ನೆರೆಯಲ್ಲೇ ಇದೆ ಪಾಠ

ಪಾಠ ಕಲಿಯಲು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಸೇತುವೆ ನಿರ್ಮಾಣದ ಕಾರಣಕ್ಕೆ 1999ರಲ್ಲಿ ಅಪಾಯದಂಚಿನ ತಾಣಗಳ ಪಟ್ಟಿಗೆ ಸೇರಿ, 2006ರವರೆಗೂ ಅಲ್ಲೇ ಉಳಿಯಿತು. ವಿವಾದಕ್ಕೆ ಮೂಲವಾದ ಆನೆಗೊಂದಿ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಹಂಪಿಯ ಎದುರು ದಡದ, ಗಂಗಾವತಿ ತಾಲ್ಲೂಕಿಗೇ ಸೇರಿದ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಎದ್ದು ನಿಂತವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಅವನ್ನು ನೆಲಸಮ ಮಾಡಬೇಕಾಯಿತು. ಮೊದಲು ಬೆಳೆಯಲು ಬಿಟ್ಟು, ಅನಂತರ ಕೆಡವುವ ಕ್ರಮದಿಂದ ಸ್ಮಾರಕಕ್ಕೂ ಲಾಭವಾಗಲಿಲ್ಲ, ಅದನ್ನೇ ನಂಬಿದ್ದ ಕುಟುಂಬಗಳಿಗೂ ಲಾಭವಾಗಲಿಲ್ಲ.

2019ರ ಫೆಬ್ರುವರಿಯಲ್ಲಿ ಹಂಪಿಯ ದೇವಾಲಯವೊಂದರ ಕಂಬವನ್ನು ಯುವಕರು ಉರುಳಿಸಿದ ದೃಶ್ಯ ನಾಡಿನ ಗಮನ ಸೆಳೆದಿತ್ತು. ತಪ್ಪಿತಸ್ಥರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ವಿಧಿಸಿತಲ್ಲದೆ, ಕಂಬವನ್ನು ಅವರಿಂದಲೇ ಮತ್ತೆ ನಿಲ್ಲಿಸಲಾಯಿತು. ಹಿರೇಬೆಣಕಲ್‌ನಲ್ಲಿ ಅಂಥ ಪರಿಹಾರ ಸಾಧ್ಯವಿಲ್ಲ. ಇಲ್ಲಿಯ ಚಪ್ಪಡಿಗಳು ಅಗಲವಾಗಿದ್ದರೂ ತೆಳುವಾದವು. ಗಾರೆಯಿಲ್ಲ, ತಳಪಾಯವಿಲ್ಲ, ಒಂದರ ಭಾರವನ್ನು ಇನ್ನೊಂದು ಹೊತ್ತು ನಿಂತಿವೆ. ಛಾಯಾಚಿತ್ರಕ್ಕಾಗಿ ಒಬ್ಬನು ಮುಚ್ಚಿಗೆಯ ಮೇಲೇರಿದರೆ ಸಾಕು, ಇಡೀ ಕಲ್ಮನೆ ಜಾರಬಹುದು. ಒಳಗೆ ಅಡುಗೆಯ ಬೆಂಕಿ ಹಾಕಿದರೆ ಶಾಖಕ್ಕೆ ಕಲ್ಲು ಪದರು ಬಿಡುತ್ತದೆ. ನಿಧಿಯಾಸೆಯಿಂದ ನೆಲ ಬಗೆದರೆ ಶಾಸ್ತ್ರೀಯ ಉತ್ಖನನದಿಂದ ದೊರೆಯಬಹುದಾಗಿದ್ದ ಮಾಹಿತಿ ಶಾಶ್ವತವಾಗಿ ನಾಶವಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಹಾಗೂ ಅದರ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ; ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆದರೆ ಒಂದು ತಾಸು ಹತ್ತಬೇಕಾದ ಬೆಟ್ಟದ ಮೇಲೆ ಕಾನೂನು ತಾನಾಗಿ ಕಾವಲು ಕಾಯುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು.

ಆಗಬೇಕಾದುದೇನು?

ಹಾಗೆಂದು ಜನರು ಬರಲೇಬಾರದು ಎನ್ನುವುದು ನ್ಯಾಯವಲ್ಲ. ಈ ಪರಂಪರೆ ನಾಡಿನ ಎಲ್ಲರಿಗೂ ಸೇರಿದ್ದು. ಹಂಪಿ, ಅಂಜನಾದ್ರಿಗೆ ಹರಿದುಬರುವ ಪ್ರವಾಸಿಗರಲ್ಲಿ ಕೆಲವರಾದರೂ ತಮ್ಮೂರಿಗೆ ಬಂದರೆ ನಾಲ್ಕು ಕಾಸು ಕಾಣಬಹುದೆಂದು ಗ್ರಾಮಸ್ಥರು ಬಯಸುವುದೂ ಸಹಜ. ವಯಸ್ಸಾದವರಿಗೆ, ಅಂಗವಿಕಲರಿಗೆ ಇಂದಿನ ಹಾದಿ ಅಸಾಧ್ಯ ಎಂಬ ವಾದದಲ್ಲೂ ಹುರುಳಿದೆ. ಆದರೆ ಕಲ್ಮನೆಗಳ ಬುಡದವರೆಗೆ ವಾಹನ ಬರುವ ರಸ್ತೆ ಇದಕ್ಕೆ ಉತ್ತರವಲ್ಲ.

ಬೆಟ್ಟದ ಬುಡದಲ್ಲಿ ಮಾದರಿಗಳು, ನಕ್ಷೆಗಳು, ಚಿತ್ರಗಳಿರುವ ಸಣ್ಣದೊಂದು ಮಾಹಿತಿ ಕೇಂದ್ರ ಸ್ಥಾಪಿಸಿದರೆ ಹತ್ತಲಾಗದವರೂ ತಾಣವನ್ನು ಅರಿಯಬಲ್ಲರು. ಹತ್ತುವವರನ್ನು ಗುಂಪುಗಳಾಗಿ, ತರಬೇತಿ ಪಡೆದ ಸ್ಥಳೀಯ ಯುವಕ-ಯುವತಿಯರ ಜೊತೆಯಲ್ಲಿ ಮಾತ್ರ ಕಳುಹಿಸಬಹುದು. ಮಾರ್ಗದರ್ಶಿಯೇ ಕಾವಲುಗಾರನೂ ಆಗುತ್ತಾನೆ, ಆದಾಯವೂ ಊರಿನಲ್ಲೇ ಉಳಿಯುತ್ತದೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಸಾಮಾನ್ಯ ಸಂದರ್ಶಕರು 1970ರ ದಶಕದ ಕೊನೆಯಿಂದ ಹಗ್ಗದ ಆಚೆ ನಿಂತೇ ನೋಡುತ್ತಾರೆ. ಆದರೂ ಜನ ಬರುವುದು ನಿಂತಿಲ್ಲ.

ಇದೆಲ್ಲಕ್ಕೂ ಮೊದಲು ಪ್ರತಿಯೊಂದು ರಚನೆಗೂ ಸಂಖ್ಯೆ ನೀಡಿ, ಅದರ ಇಂದಿನ ಸ್ಥಿತಿಯನ್ನು ಛಾಯಾಚಿತ್ರ ಸಹಿತ ದಾಖಲಿಸಿ, ಆ ದಾಖಲೆ ಸಾರ್ವಜನಿಕರಿಗೂ ಸಿಗುವಂತೆ ಮಾಡಬೇಕು. ಇಲ್ಲವಾದರೆ ನಾಳೆ ಒಂದು ಕಲ್ಲು ಬಿದ್ದಾಗ ಅದು ನೂರು ವರ್ಷದ ಹಿಂದೆ ಬಿದ್ದದ್ದೋ, ಕಳೆದ ಭಾನುವಾರ ಬಿದ್ದದ್ದೋ ಹೇಳುವವರೇ ಇರುವುದಿಲ್ಲ.

ಈ ಕೆಲಸಗಳಿಗೆ ಯುನೆಸ್ಕೊ ಮುದ್ರೆಗಾಗಿ ಕಾಯಬೇಕಾಗಿಲ್ಲ. ಪುರಾತತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮತ್ತು ಗ್ರಾಮ ಪಂಚಾಯಿತಿ ಒಟ್ಟಿಗೆ ಕುಳಿತು ನಿರ್ಧರಿಸಿದರೆ ಸಾಕು. ಎರಡೂವರೆ ಸಾವಿರ ವರ್ಷ ಈ ಕಲ್ಲುಗಳನ್ನು ಬೆಟ್ಟದ ಏರೇ ಕಾಪಾಡಿಕೊಂಡು ಬಂದಿದೆ. ಆ ಏರನ್ನು ತಗ್ಗಿಸುವ ಮುನ್ನ, ಅದರ ಕೆಲಸವನ್ನು ಮುಂದೆ ಯಾರು ಮಾಡುತ್ತಾರೆಂಬುದು ತೀರ್ಮಾನವಾಗಲಿ.