ಹಾಲಿಗೊಂದು ವಿಶೇಷಣ

ಕನ್ನಡದಲ್ಲಿ ಹಾಲು ಎಂಬ ಶಬ್ದವು ಬಹುಕಾಲ ವಿಶೇಷಣದ ಹಂಗಿಲ್ಲದೆ ಬಾಳಿದುದು. ಹಳಗನ್ನಡದಲ್ಲಿ ಅದು ಪಾಲ್. ನೆರೆಯ ತಮಿಳು, ಮಲೆಯಾಳಗಳಲ್ಲಿ ಇಂದಿಗೂ ಪಾಲೇ. ಹಸುವಿನದೋ ಎಮ್ಮೆಯದೋ ಎಂದು ಕೇಳುವುದಿತ್ತು. ನೀರು ಬೆರೆತಿದೆಯೋ ಇಲ್ಲವೋ ಎಂದು ಶಂಕಿಸುವುದೂ ಇತ್ತು. ಅಲ್ಲಿಗೆ ವಿಚಾರಣೆ ಮುಗಿಯುತ್ತಿತ್ತು. ಈಗ ಪಟ್ಟಣದ ಅಂಗಡಿಗಳಲ್ಲಿ ಎ2 ಹಾಲು, ನಾಟಿ ಹಸುವಿನ ಹಾಲು, ಲ್ಯಾಕ್ಟೋಸ್ ರಹಿತ ಹಾಲು ಎಂದು ಬಗೆಬಗೆಯ ಹೆಸರುಗಳು ಕಾಣುತ್ತವೆ. ಹೆಸರು ಬೆಳೆದಂತೆ ಬೆಲೆಯೂ ಬೆಳೆದು, ಸಾಮಾನ್ಯ ಹಾಲಿನ ಎರಡು ಪಟ್ಟನ್ನು, ಕೆಲವೆಡೆ ಅದನ್ನೂ ಮೀರಿದೆ. ಕೊಳ್ಳುವವರಲ್ಲಿ ಹಲವರು ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ, ನುಲಿದು, ಬೇಧಿಯಾಗಿ ಬಳಲುವವರು. ಅವರ ಸಂಕಟ ದಿಟವಾದುದು. ಆ ಸಂಕಟಕ್ಕೆ ಮದ್ದೆಂದು ಮಾರಾಟವಾಗುವ ಹೆಸರೂ ಅಷ್ಟೇ ದಿಟವಾದುದೇ ಎಂಬುದು ವಿಚಾರಾರ್ಹ.

ವಿಶೇಷಣವು ಸಾರ್ಥಕವಾಗಬೇಕಾದರೆ ಅದಕ್ಕೆ ಸಂಭವವೂ ಇರಬೇಕು, ವ್ಯಭಿಚಾರವೂ ಇರಬೇಕೆಂದು ಶಾಸ್ತ್ರಜ್ಞರು ಹೇಳುತ್ತಾರೆ. (ಇಲ್ಲಿ ವ್ಯಭಿಚಾರವೆಂದರೆ ಕೆಟ್ಟ ನಡತೆಯಲ್ಲ, ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರುವಿಕೆ.) ತಣ್ಣನೆಯ ಬೆಂಕಿ ಎಂಬಲ್ಲಿ ವಿಶೇಷಣಕ್ಕೆ ಸಂಭವವೇ ಇಲ್ಲ. ಬಿಸಿಯಾದ ಬೆಂಕಿ ಎಂಬಲ್ಲಿ ವ್ಯಭಿಚಾರವಿಲ್ಲ, ಬೆಂಕಿಯೆಲ್ಲವೂ ಬಿಸಿಯೇ. ಮೊದಲನೆಯದು ಸುಳ್ಳು, ಎರಡನೆಯದು ವ್ಯರ್ಥ. ಹಾಲಿನ ಪೇಟೆಗೆ ಈ ಹಳೆಯ ಒರೆಗಲ್ಲನ್ನು ಕೊಂಡೊಯ್ದರೆ ತಪ್ಪಾಗಲಾರದು.

ಮೊದಲು ವ್ಯಾಧಿಯ ನಿರ್ಣಯವಾಗಬೇಕು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯುಂಟು. ಹಸುವಿನ ಹಾಲಿನಲ್ಲಿ ಅದು ನೂರಕ್ಕೆ ಹೆಚ್ಚುಕಡಿಮೆ ಐದು ಪಾಲು. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಹಸುಳೆಯ ಕರುಳಿನಲ್ಲಿ ಸಮೃದ್ಧವಾಗಿದ್ದು, ಬೆಳೆದಂತೆ ಬಹುಜನರಲ್ಲಿ ಕುಗ್ಗುತ್ತದೆ. ಜಗತ್ತಿನ ವಯಸ್ಕರಲ್ಲಿ ಮೂರರಲ್ಲೆರಡು ಪಾಲು ಜನರ ಸ್ಥಿತಿ ಇದೇ. ಉತ್ತರ ಭಾರತದವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಇದನ್ನು ರೋಗವೆನ್ನುವುದಕ್ಕಿಂತ ದೇಹಧರ್ಮವೆನ್ನುವುದು ಮೇಲು. ಇಂಥವರಲ್ಲಿಯೂ ಅನೇಕರು ಊಟದೊಡನೆ ಒಂದು ಲೋಟ ಹಾಲನ್ನು ತಾಳಿಕೊಳ್ಳುತ್ತಾರೆ. ಹೆಪ್ಪಿಟ್ಟಾಗ ಲ್ಯಾಕ್ಟೋಸಿನ ಒಂದಂಶ ಹುಳಿಯಾಗಿ ಮಾರ್ಪಡುವುದರಿಂದ ಮೊಸರು ಮಜ್ಜಿಗೆಗಳು ಅವರಿಗೆ ಸುಲಭವಾಗಿ ಒಗ್ಗುತ್ತವೆ. ಎರಡನೆಯದು ಹಾಲಿನ ಅಲರ್ಜಿ. ಇದು ಹಾಲಿನ ಸಸಾರಜನಕಗಳ ಮೇಲೆ ದೇಹವು ಹೂಡುವ ಯುದ್ಧ. ಹೆಚ್ಚಾಗಿ ಎಳೆಗೂಸುಗಳಲ್ಲಿ ಕಾಣುವಂಥದು. ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗುವಂಥದು. ಈ ಎರಡನ್ನೂ ಜನರು 'ಹಾಲು ಆಗುವುದಿಲ್ಲ' ಎಂಬ ಒಂದೇ ಮಾತಿನಿಂದ ಹೇಳುವುದೇ ಅನರ್ಥದ ಮೂಲ.

ಮೂರನೆಯದಾಗಿ ಬಂದಿರುವುದು ಎ2 ಹಾಲಿನ ವಾದ. ಹಾಲಿನ ಬೀಟಾ ಕೇಸೀನ್ ಎಂಬ ಸಸಾರಜನಕವು 209 ಅಮೈನೋ ಆಮ್ಲಗಳ ಸರಪಳಿ. ಅದರ 67ನೆಯ ಕೊಂಡಿಯಲ್ಲಿ ಪ್ರೋಲೀನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಎ1 ಜೀರ್ಣವಾಗುವಾಗ ಬಿಸಿಎಂ-7 ಎಂಬ ತುಣುಕೊಂದು ಬಿಡುಗಡೆಯಾಗುತ್ತದೆ, ಅದೇ ತೊಂದರೆಗೆ ಕಾರಣ ಎಂಬುದು ವಾದ. ಇದನ್ನು ನೆಚ್ಚಿ 2000ದಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಕಂಪನಿಯೇ ಹುಟ್ಟಿತು. ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆಯು 2009ರಲ್ಲಿ ಲಭ್ಯ ಪ್ರಮಾಣಗಳನ್ನು ಪರಿಶೀಲಿಸಿ, ಬಿಸಿಎಂ-7ಕ್ಕೂ ರೋಗಗಳಿಗೂ ಕಾರ್ಯಕಾರಣ ಸಂಬಂಧ ಸ್ಥಾಪಿತವಾಗಿಲ್ಲವೆಂದಿತು. ತರುವಾಯ ನಡೆದ ಕೆಲವು ಪ್ರಯೋಗಗಳಲ್ಲಿ ಎ2 ಹಾಲು ಕುಡಿದವರ ಹೊಟ್ಟೆಗೆ ಹಿತವಾಯಿತೆಂಬ ಫಲ ಬಂದಿದೆ. ಆದರೆ ಪ್ರಯೋಗಕ್ಕೊಳಗಾದವರು ಸ್ವಲ್ಪ ಮಂದಿ, ವೆಚ್ಚ ಕೊಟ್ಟವರಲ್ಲಿ ಆ ಹಾಲನ್ನು ಮಾರುವವರೂ ಉಂಟು. ವಾದವು ಸತ್ತಿಲ್ಲ, ಸಿದ್ಧಾಂತವೂ ಆಗಿಲ್ಲ. ಎ2 ಹಾಲಿನಲ್ಲಿಯೂ ಲ್ಯಾಕ್ಟೋಸ್ ಅಷ್ಟೇ ಇರುತ್ತದೆ, ಅಲರ್ಜಿಯನ್ನು ಕೆರಳಿಸುವ ಸಸಾರಜನಕಗಳೂ ಇರುತ್ತವೆ ಎಂಬುದು ಮಾತ್ರ ನಿರ್ವಿವಾದ.

ಇನ್ನು ಒರೆಗಲ್ಲಿಗೆ ಹಚ್ಚಿ ನೋಡಬಹುದು. ನಮ್ಮ ಎಮ್ಮೆಗಳ ಹಾಲೆಲ್ಲ ಎ2 ಬಗೆಯದೇ. ಆದುದರಿಂದ 'ಎಮ್ಮೆಯ ಎ2 ಹಾಲು' ಎಂಬುದು ಬಿಸಿಯಾದ ಬೆಂಕಿ. ತುಪ್ಪವೆಂದರೆ ಕೊಬ್ಬು, ಅದರಲ್ಲಿ ಕೇಸೀನ್ ಉಳಿಯುವುದೇ ಇಲ್ಲವೆನ್ನಬಹುದು; ಆದುದರಿಂದ 'ಎ2 ತುಪ್ಪ' ಎಂಬುದು ತಣ್ಣನೆಯ ಬೆಂಕಿ. ಅದಕ್ಕೇ ಹೆಚ್ಚಿನ ಬೆಲೆ ತೆರುವವರಿರುವುದು ಶೋಚನೀಯ. ನಾಟಿ ಹಸುಗಳಲ್ಲಿ ಬಹುಪಾಲು ಎ2 ಆಗಿರುವುದು ನಿಜ. ಆದರೆ ಎ2 ಎಂದರೆ ನಾಟಿ ಎಂಬ ತಿರುವು ಸರಿಯಲ್ಲ. ನ್ಯೂಜಿಲೆಂಡಿನವರು ಮಾರಿದ್ದು ಪಾಶ್ಚಾತ್ಯ ತಳಿಯ ಹಸುಗಳನ್ನೇ ಪರೀಕ್ಷಿಸಿ ಆರಿಸಿ ಕರೆದ ಹಾಲನ್ನು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಆಗಸ್ಟ್ 21ರಂದು ಈ ಎ1, ಎ2 ಹೆಸರುಗಳನ್ನು ಪೊಟ್ಟಣಗಳಿಂದ ತೆಗೆಯಬೇಕೆಂದು ಆಜ್ಞಾಪಿಸಿ, ಅದೇ ತಿಂಗಳ 26ರಂದು ಆಜ್ಞೆಯನ್ನು ಹಿಂತೆಗೆದುಕೊಂಡಿತು. ಐದು ದಿನಗಳಲ್ಲಿ ಎರಡು ಮಾತು ಕೇಳಿದ ಗ್ರಾಹಕನು ಯಾವುದನ್ನು ನಂಬಬೇಕು? ಹಾಲಿಗೆ ಬೇಡವೆನಿಸಿದ್ದರೂ ತುಪ್ಪದ ಮಟ್ಟಿಗಾದರೂ ಆ ಆಜ್ಞೆ ನಿಲ್ಲಬೇಕಾಗಿತ್ತು.

ಪ್ರಾಮಾಣಿಕನಾದ ಉತ್ಪಾದಕನ ಪಾಡಂತೂ ಹೇಳತೀರದು. ಅವನ ಹಾಲಿನ ವೈಶಿಷ್ಟ್ಯವನ್ನು ಕಣ್ಣು ಕಾಣದು, ನಾಲಗೆ ಅರಿಯದು, ಲ್ಯಾಕ್ಟೋಮೀಟರು ತೋರಿಸದು. ಹಸುವಿನ ಕೂದಲನ್ನೋ ರಕ್ತವನ್ನೋ ಪ್ರಯೋಗಾಲಯಕ್ಕೆ ಕಳುಹಿಸಿಯೇ ಗುಣವನ್ನು ಅರಿಯಬೇಕು. ಹಸುವಿಗೆ ತಾಯಿಯಿಂದೊಂದು, ತಂದೆಯಿಂದೊಂದು ಎಂದು ಎರಡು ಬೀಜಗುಣಗಳು ಬರುತ್ತವೆ. ಒಂದು ಎ1, ಇನ್ನೊಂದು ಎ2 ಆದರೆ ಹಾಲಿನಲ್ಲಿ ಎರಡೂ ಇರುತ್ತವೆ. ಎರಡೂ ಎ1 ಆದ ಮಿಶ್ರತಳಿಯ ಹಸುವಿಗೆ ಶುದ್ಧ ಎ2 ಹೋರಿಯ ಬೀಜ ಕೊಡಿಸಿದರೂ ಹುಟ್ಟುವ ಕಡಸು ಬೆರಕೆಯದೇ. ಆ ಕಡಸು ಮೂರು ವರ್ಷಕ್ಕೆ ಕರುಹಾಕಿದರೆ, ಆ ಕರುವಿನಲ್ಲಿ ಶುದ್ಧಗುಣ ಬರುವ ಸಂಭವ ಅರ್ಧಕ್ಕರ್ಧ. ಅದು ತಾನೇ ಕರುಹಾಕಿ ಹಾಲು ಕೊಡುವಷ್ಟರಲ್ಲಿ ರೈತನ ಆರೇಳು ವರ್ಷ ಕಳೆದಿರುತ್ತದೆ. ಅಲ್ಲಿಯತನಕ ಹಿಂಡಿ ಬೂಸಾಗಳ ಸಾಲ ಕಾಯುವುದಿಲ್ಲ.

ನಾಟಿ ತಳಿಯನ್ನೇ ಸಾಕುವೆನೆಂದರೆ, ಕರ್ನಾಟಕದ ಹಳ್ಳಿಕಾರ್, ಅಮೃತಮಹಲ್ ತಳಿಗಳು ಉಳುಮೆಗೆ, ಬಂಡಿಗೆ ಹೆಸರಾದವು, ಹಾಲಿಗಲ್ಲ. ಮಲೆನಾಡು ಗಿಡ್ಡವೂ ಚೆಂಬಿನ ಹಾಲಿನ ಹಸುವೇ ಹೊರತು ಕ್ಯಾನು ತುಂಬಿಸುವುದಲ್ಲ. ಆದ್ದರಿಂದಲೇ ಸೌರಾಷ್ಟ್ರದ ಗಿರ್ ಹಸುಗಳನ್ನು ತರಿಸಿ ಸಾಕುವವರು ಇಲ್ಲಿ ಹೆಚ್ಚಿದ್ದಾರೆ. ಊರಿನ ಸಹಕಾರ ಸಂಘದಲ್ಲಿ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶಗಳ ಅಳತೆಯ ಮೇಲೆ. ಹಳ್ಳಿಕಾರ್ ಸಾಕಿದ ಬಡವನ ಎರಡು ಲೀಟರು ಹಾಲು ಹತ್ತು ಮನೆಗಳ ಮಿಶ್ರತಳಿಯ ಹಾಲಿನೊಡನೆ ಅದೇ ಕ್ಯಾನಿಗೆ ಬೀಳುತ್ತದೆ. ಪಟ್ಟಣದಲ್ಲಿ ಇಮ್ಮಡಿ ಬೆಲೆ ತರುವ ಗುಣಕ್ಕೆ ಅವನಿಗೆ ದಕ್ಕುವುದು ಸೊನ್ನೆ. ಬೇರೆಯಾಗಿ ಮಾರಲು ಬೇರೆಯ ಪಾತ್ರೆ, ಬೇರೆಯ ಶೈತ್ಯಯಂತ್ರ, ಬೇರೆಯ ವಾಹನ ಬೇಕು. ಹಸುಗಳು ಬತ್ತಿದ ತಿಂಗಳಲ್ಲಿ ಗಿರಾಕಿಗೆ ಕೊಡಲು ಹಾಲಿರುವುದಿಲ್ಲ. ಹಬ್ಬಕ್ಕೆಂದು ಗಿರಾಕಿಗಳು ಊರಿಗೆ ಹೋದ ವಾರದಲ್ಲಿ ಹಾಲಿದ್ದರೂ ಕೊಳ್ಳುವವರಿರುವುದಿಲ್ಲ. ಕೊರತೆ ಬಿದ್ದ ದಿನ ನೆರೆಮನೆಯ ಹಾಲನ್ನು ಬೆರೆಸಿದರೆ ಅರಿಯುವವರಾರು? ಇಡೀ ವ್ಯವಹಾರವು ನಿಂತಿರುವುದು ಆ ಒಂದು ದಿನದ ಮೇಲೆ.

ಇದರ ಮುಂದೆ ಲ್ಯಾಕ್ಟೋಸ್ ರಹಿತ ಹಾಲಿನ ವಿಶೇಷಣ ನೇರವಾದುದು. ಹಾಲಿಗೆ ಲ್ಯಾಕ್ಟೇಸ್ ಕಿಣ್ವವನ್ನೇ ಬೆರೆಸಿ, ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳಾಗಿ ಒಡೆಯುತ್ತಾರೆ. ಹಾಲು ತುಸು ಸಿಹಿಯಾಗುತ್ತದೆ. ಸಕ್ಕರೆ ಹಾಕಿದ್ದಾರೆಂದು ಗ್ರಾಹಕರು ಶಂಕಿಸುವುದುಂಟು. ಗುಣವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು, ಹೇಳಿದ ಮಾತಿಗೆ ಹೊಣೆಯಾಗಬಹುದು. ಆದರೂ ನಾಟಿ ಹಸುವಿನ ಚಿತ್ರಕ್ಕಿರುವ ಆಕರ್ಷಣೆ ಕಿಣ್ವದ ಹೆಸರಿಗಿಲ್ಲ.

ಇಂಥ ಹಾಲನ್ನು ಮಾರುವವರು ಪೊಟ್ಟಣದ ಮೇಲೆ ತಮ್ಮ ಹಾಲು ಯಾರಿಗಾಗಿ ಎಂಬುದನ್ನು ಮಾತ್ರವಲ್ಲದೆ ಯಾರಿಗಲ್ಲ ಎಂಬುದನ್ನೂ ಅಚ್ಚುಹಾಕಿಸಬೇಕು. ಎ2 ಹಾಲಿನ ಮೇಲೆ ಲ್ಯಾಕ್ಟೋಸ್ ಇದೆಯೆಂದು, ಎರಡೂ ಬಗೆಯ ಹಾಲಿನ ಮೇಲೆ ಅಲರ್ಜಿಯುಳ್ಳ ಮಗುವಿಗೆ ಇದು ಸಲ್ಲದೆಂದು, ದೊಡ್ಡ ಅಕ್ಷರದ ಕನ್ನಡದಲ್ಲಿ ಇರಬೇಕು. ಆಡಿನ ಹಾಲಾದರೂ ಆದೀತೆಂದು ಹುಡುಕುವ ತಾಯಿಗೆ, ಹಸುವಿನ ಹಾಲು ಒಗ್ಗದ ಅಲರ್ಜಿಯ ಮಕ್ಕಳಲ್ಲಿ ಬಹುಮಂದಿಗೆ ಅದೂ ಒಗ್ಗದೆಂದು ವೈದ್ಯನೇ ಹೇಳಬೇಕು, ಅಂಗಡಿಯವನಲ್ಲ. ಎರಡು ಸಾಲು ಹೆಚ್ಚಾಗಿ ಅಚ್ಚಾದರೆ ಕೆಲವು ತಿಂಗಳು ಮಾರಾಟ ಇಳಿಯಬಹುದು. ಅಷ್ಟರಲ್ಲಿ ಒಬ್ಬ ತಾಯಿ ಆ ಪೊಟ್ಟಣವನ್ನು ಓದಿ, ಕೊಳ್ಳದೆ, ಮಗುವನ್ನೆತ್ತಿಕೊಂಡು ಆಸ್ಪತ್ರೆಯ ಕಡೆ ನಡೆದಿರುತ್ತಾಳೆ.