ಹಳೆಯ ವಿಹಾರ ನೌಕೆಗೆ ಯಾವ ಹಾಯಿ?

ಕಡಲಿಲ್ಲದ ಕಲಬುರಗಿಗೂ ಅದೇ ಜಿಲ್ಲೆಯ ಕಮಲಾಪುರಕ್ಕೂ ಹಾಯಿಯ ನಂಟಿದೆ. ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ 19ನೇ ಶತಮಾನದ ಕೊನೆಯಲ್ಲಿ ಶುರುವಾದಾಗ ವಿಹಾರ ನೌಕೆಗಳ ಹಾಯಿ ಹೆಚ್ಚಾಗಿ ಹತ್ತಿಯದೇ. ಹಾಯಿಯ ಹಗ್ಗಕ್ಕೆ ಒದಗುತ್ತಿದ್ದ ಫಿಲಿಪೀನ್ಸಿನ ಅಬಾಕಾ ನಾರಿನ ಗಿಡ ಕಮಲಾಪುರದ ಕೆಂಪು ಬಾಳೆಯ ದಾಯಾದಿ. ಹತ್ತಿ ಹಾಯಿ ಗಾಳಿಯ ಎಳೆತಕ್ಕೆ ಹಿಗ್ಗಿ ಆಕಾರ ಕೆಡುತ್ತಿತ್ತು. ಒಣಗಿಸದೆ ಮಡಚಿಟ್ಟರೆ ಬೂಷ್ಟು. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆ ರೂಪಿಸಿದರು. ಅದರ ಹಾಯಿಗಳು ಬಂದಂತೆ 1950ರ ದಶಕದಲ್ಲಿ ಹತ್ತಿ ಹಿಂದೆ ಸರಿಯಿತು. ಈಗ ಪಂದ್ಯದ ನೌಕೆಗಳಿಗೆ ಕಾರ್ಬನ್ ಎಳೆಯ ಹಾಯಿಗಳಿವೆ. ಅವು ಹಗುರ, ಹಿಗ್ಗುವುದು ತೀರಾ ಕಡಿಮೆ. ಆದರೆ ದುಬಾರಿ, ಗಾಳಿಯ ಹೊಡೆತವನ್ನು ನೇರವಾಗಿ ಕೂವೆಕಂಬಕ್ಕೇ ದಾಟಿಸುತ್ತವೆ. ಕಂಬ, ಅದನ್ನು ಹಿಡಿದಿಡುವ ತಂತಿ ಸವೆದ ಹಳೆಯ ನೌಕೆಗೆ ನೇಯ್ದ ಪಾಲಿಯೆಸ್ಟರೇ ಸರಿ. ಸುತ್ತಿಡುವ ಹಾಯಿಯ ಅಂಚಿಗೆ ಬಿಸಿಲು ತಡೆಯುವ ಪಟ್ಟಿ ಹೊಲಿಸಿದರೆ ಬಾಳಿಕೆಯೂ ಹೆಚ್ಚು.